ಎರಡು ಸಲ ಕೊಯ್ಸಿದ ರೆಪ್ಪೆಯ ಗುಳ್ಳಿ

"ಕಣ್ಣರೆಪ್ಪಿ ಮ್ಯಾಲ ಗುಳ್ಳಿ ಎದ್ದೈತ್ರಿ ಸರ. ಎರಡ್ ಸಲ ಕೊಯ್ಸೀವಿ. ಮತ್ತ ಅಲ್ಲೇ ಬಂದೈತಿ." ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಕಣ್ಣಿನ ಒಪಿಡಿಗಳಲ್ಲಿ ಈ ಮಾತು ಹೊಸದಲ್ಲ. ಇದರಲ್ಲಿ ಕಿವಿಗೊಡಬೇಕಾದದ್ದು "ಮತ್ತ ಅಲ್ಲೇ" ಎನ್ನುವ ಎರಡು ಪದಕ್ಕೆ. ಒಂದು ಸಲ ಮೇಲ್ರೆಪ್ಪೆಗೆ, ಇನ್ನೊಂದು ಸಲ ಕೆಳರೆಪ್ಪೆಗೆ ಎದ್ದರೆ ಚಿಂತೆ ಕಡಿಮೆ. ಕೊಯ್ದ ಜಾಗದಲ್ಲೇ ಎದ್ದರೆ ಮೊದಲು ಕೇಳಬೇಕಾದದ್ದು ಒಂದೇ: ಹೋದ ಸಲ ತೆಗೆದದ್ದನ್ನು ಲ್ಯಾಬಿಗೆ ಕಳಿಸಿದ್ದರಾ? ಉತ್ತರ ಬಹುತೇಕ "ಇಲ್ರಿ". ಕ್ಯುರೆಟ್ ಎಂಬ ಸಣ್ಣ ಚಮಚದಂಥ ಸಲಕರಣೆಯಿಂದ ಕೆರೆದ ಬೆಣ್ಣೆಯಂಥ ವಸ್ತು ಹತ್ತಿಯುಂಡೆಗೆ ಒರೆಸಿಕೊಂಡು, ಉಂಡೆ ಹಳದಿ ಚೀಲಕ್ಕೆ ಬಿದ್ದು, ಚೀಲ ಕಸದ ಗಾಡಿ ಹತ್ತಿರುತ್ತದೆ.

ರೆಪ್ಪೆಯ ಗುಳ್ಳಿಗಳಲ್ಲಿ ಬಹುಪಾಲು ಸಾದಾ ಗುಳ್ಳಿಗಳೇ. ಪ್ರತಿಯೊಂದನ್ನೂ ಕ್ಯಾನ್ಸರ್ ಎಂದು ಹೆದರಿಸಿದರೆ ಯಾರಿಗೂ ಉಪಯೋಗವಿಲ್ಲ. ಆದರೆ ನಮ್ಮ ದೇಶದಲ್ಲಿ ರೆಪ್ಪೆಯ ಕ್ಯಾನ್ಸರಿನ ಲೆಕ್ಕ ಪಾಶ್ಚಾತ್ಯ ಪಠ್ಯಪುಸ್ತಕದಂತಿಲ್ಲ. ಅಲ್ಲಿ ನೂರರಲ್ಲಿ ಎಂಬತ್ತು ತೊಂಬತ್ತು ಬೇಸಲ್ ಸೆಲ್ ಕಾರ್ಸಿನೋಮಾ, ಅಂದರೆ ಚರ್ಮದ ತಳಪದರದ ಕೋಶಗಳ ಕ್ಯಾನ್ಸರ್. ನಮಗೆ ಹತ್ತಿರದ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ 536 ರೋಗಿಗಳ ವರದಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಇದ್ದದ್ದು ಸೆಬೇಶಿಯಸ್ ಕಾರ್ಸಿನೋಮಾ, ಅಂದರೆ ಎಣ್ಣೆಗ್ರಂಥಿಯ ಕ್ಯಾನ್ಸರ್. ಬೇಸಲ್ ಸೆಲ್ ಕಾಲು ಭಾಗದಷ್ಟು. ಈ ಎಣ್ಣೆಗ್ರಂಥಿಯ ಕ್ಯಾನ್ಸರ್ ವೇಷ ಹಾಕುವುದೇ ಸಾದಾ ಗುಳ್ಳಿಯಂತೆ.

ಅದು ಯಾಕೆ ಹಾಗೆ ಎಂದು ತಿಳಿಯಲು ರೆಪ್ಪೆಯನ್ನು ಅಡ್ಡಕ್ಕೆ ಕೊಯ್ದು ನೋಡಬೇಕು. ಹೊರಗೆ ದೇಹದಲ್ಲೇ ಅತಿ ತೆಳುವಾದ ಚರ್ಮ, ಒಂದು ಮಿಲಿಮೀಟರಿಗೂ ಕಡಿಮೆ. ಅದರ ಕೆಳಗೆ ಕೊಬ್ಬಿನ ಪದರ ಇಲ್ಲವೆಂದೇ ಹೇಳಬೇಕು, ನೇರ ಕಣ್ಣು ಮುಚ್ಚುವ ಸ್ನಾಯು. ಅದರ ಹಿಂದೆ ಟಾರ್ಸಸ್ ಎಂಬ ಗಟ್ಟಿ ತಟ್ಟೆ: ಮೇಲ್ರೆಪ್ಪೆಯಲ್ಲಿ ಸುಮಾರು 10 ಮಿ.ಮೀ. ಎತ್ತರ, ಕೆಳರೆಪ್ಪೆಯಲ್ಲಿ 4 ಮಿ.ಮೀ. ಆಸುಪಾಸು. ಈ ತಟ್ಟೆಯೊಳಗೆ ಉದ್ದುದ್ದಕ್ಕೆ ಮೈಬೋಮಿಯನ್ ಗ್ರಂಥಿಗಳು ಹುದುಗಿವೆ, ಮೇಲೆ 25ರಿಂದ 40, ಕೆಳಗೆ 20ರಿಂದ 30. ಹೆನ್ರಿಕ್ ಮೈಬೋಮ್ 1666ರಲ್ಲಿ ಇವನ್ನು ವಿವರಿಸಿದ್ದರಿಂದ ಆ ಹೆಸರು. ಕಣ್ಣೀರು ಬೇಗ ಆರದಂತೆ ಅದರ ಮೇಲೆ ಎಣ್ಣೆಯ ಪೊರೆ ಹಾಸುವುದು ಇವುಗಳ ಕೆಲಸ. ರೆಪ್ಪೆಗೂದಲ ಬುಡದಲ್ಲಿ ಝೈಸ್ ಎಂಬ ಸಣ್ಣ ಎಣ್ಣೆಗ್ರಂಥಿಗಳು, ಪಕ್ಕದಲ್ಲೇ ಮೋಲ್ ಎಂಬ ಬೆವರುಗ್ರಂಥಿಗಳು. ಎಲ್ಲಕ್ಕೂ ಒಳಗೆ ಕಣ್ಣುಗುಡ್ಡೆಗೆ ತಾಗುವ ಕಂಜಂಕ್ಟೈವಾ. ಬೆರಳಗಲದ ಜಾಗದಲ್ಲಿ ಇಷ್ಟು ಬಗೆಯ ಅಂಗಾಂಶ ಇರುವುದರಿಂದಲೇ ಇಷ್ಟು ಬಗೆಯ ಗಡ್ಡೆಗಳು. ಮೇಲ್ರೆಪ್ಪೆಯಲ್ಲಿ ಗ್ರಂಥಿ ಹೆಚ್ಚು, ಆದ್ದರಿಂದ ಗ್ರಂಥಿಯ ಕ್ಯಾನ್ಸರೂ ಅಲ್ಲೇ ಹೆಚ್ಚು.

ಕಣ್ಣುಕುಟಿಕೆ ಮತ್ತು ಕಲೇಜಿಯನ್ ಎರಡನ್ನೂ ಜನ ಒಂದೇ ಹೆಸರಿನಿಂದ ಕರೆಯುತ್ತಾರೆ. ಕುಟಿಕೆ ಎಂದರೆ ಕೀವಿನ ಗುಳ್ಳಿ: ಕೆಂಪು, ನೋವು, ಐದಾರು ದಿನಕ್ಕೆ ಬಾಯಿ ಮಾಡಿ ಒಡೆಯುತ್ತದೆ, ಕಾರಣ ಹೆಚ್ಚಾಗಿ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ಕಲೇಜಿಯನ್‌ಗೆ ನೋವಿಲ್ಲ. ಮೈಬೋಮಿಯನ್ ಗ್ರಂಥಿಯ ಬಾಯಿ ಕಟ್ಟಿಕೊಂಡು, ಎಣ್ಣೆ ಒಳಗೇ ಸೋರಿ, ದೇಹ ಆ ಎಣ್ಣೆಯನ್ನು ಪರಕೀಯ ವಸ್ತುವಿನಂತೆ ಸುತ್ತುವರಿಯುತ್ತದೆ. ಸೂಕ್ಷ್ಮದರ್ಶಕದ ಸ್ಲೈಡಿನಲ್ಲಿ ನಡುವೆ ದುಂಡು ದುಂಡು ಖಾಲಿ ಜಾಗ ಕಾಣುತ್ತದೆ. ಲ್ಯಾಬಿನಲ್ಲಿ ಚೂರನ್ನು ಸ್ಲೈಡಿಗೆ ಸಿದ್ಧಪಡಿಸುವ ಪ್ರಾಸೆಸಿಂಗ್ ವೇಳೆ ಎಣ್ಣೆ ಕರಗಿ ಹೋದ ಗುರುತು ಅದು. ಅದರ ಸುತ್ತ ಎಪಿಥೀಲಿಯಾಯ್ಡ್ ಕೋಶಗಳು, ದೈತ್ಯಕೋಶಗಳು, ಲಿಂಫೋಸೈಟು, ಪ್ಲಾಸ್ಮಾ ಕೋಶ, ನಡುನಡುವೆ ನ್ಯೂಟ್ರೋಫಿಲ್ ಗುಂಪು; ಇವೆಲ್ಲ ಉರಿಯೂತದಲ್ಲಿ ಸೇರುವ ಕೋಶಗಳು. ಎಣ್ಣೆಯ ಖಾಲಿ ಜಾಗ ಇಲ್ಲದೆ ಗಿಣ್ಣಿನಂಥ ಕೊಳೆತ ಭಾಗ ಕಂಡರೆ ಕ್ಷಯ ನೆನಪಾಗಬೇಕು, ಕ್ಷಯದ ರೋಗಾಣು ತೋರಿಸುವ ಝೀಲ್ ನೀಲ್ಸನ್ ಬಣ್ಣ ಹಾಕಬೇಕು.

ಕಲೇಜಿಯನ್‌ಗೆ ಮೊದಲ ಔಷಧಿ ಬಿಸಿ. ಸ್ವಚ್ಛ ಹತ್ತಿಬಟ್ಟೆಯನ್ನು ಕೈ ತಾಳುವಷ್ಟು ಬಿಸಿನೀರಲ್ಲಿ ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಟ್ಟೆ ಎರಡು ನಿಮಿಷಕ್ಕೇ ತಣ್ಣಗಾಗುವುದರಿಂದ ಮತ್ತೆ ಮತ್ತೆ ಅದ್ದಬೇಕು. ಇಲ್ಲೇ ಹೆಚ್ಚಿನವರು ಸೋಲುವುದು, ತಣ್ಣನೆ ಬಟ್ಟೆ ಇಟ್ಟುಕೊಂಡು ಹತ್ತು ನಿಮಿಷ ಕೂತಿರುತ್ತಾರೆ. ಆಮೇಲೆ ಮೇಲ್ರೆಪ್ಪೆಯಾದರೆ ಮೇಲಿಂದ ಕೆಳಕ್ಕೆ, ಕೆಳರೆಪ್ಪೆಯಾದರೆ ಕೆಳಗಿಂದ ಮೇಲಕ್ಕೆ, ಕೂದಲಂಚಿನ ಕಡೆಗೆ ಮೆಲ್ಲಗೆ ನೀವಬೇಕು. ನಾಲ್ಕಾರು ವಾರ ನೋಡಿ ಕರಗದಿದ್ದರೆ ಕೊಯ್ಯುವುದು. ಲವಂಗ ತೇಯ್ದು ಹಚ್ಚಿದ್ದು ಕಣ್ಣಿಗೆ ಹೋದರೆ ಉರಿ. ಸುಣ್ಣ ಹಚ್ಚುವುದಂತೂ ಬೇಡವೇ ಬೇಡ. ಸುಣ್ಣ ಕ್ಷಾರ, ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾಕ್ಕೆ ಇಳಿದರೆ ದೃಷ್ಟಿ ಹೋಗುತ್ತದೆ. ಕೂದಲಲ್ಲಿ ನರಹುಲಿಯ ಬುಡ ಬಿಗಿದು ಕಟ್ಟಿ ಉದುರಿಸುವ ಪದ್ಧತಿಯಲ್ಲಿ ಇನ್ನೊಂದು ನಷ್ಟವಿದೆ, ಪರೀಕ್ಷೆಗೆ ಬೇಕಾದ ಅಂಗಾಂಶವೇ ಒಣಗಿ ಬಿದ್ದುಹೋಗುತ್ತದೆ.

ಉಳಿದ ಸಾದಾ ಗಡ್ಡೆಗಳನ್ನು ಬೇಗ ಹೇಳಿ ಮುಂದೆ ಹೋಗಬಹುದು. ಮೂಗಿನ ಬದಿಯ ಹಳದಿ ತೇಪೆ ಜ್ಯಾಂಥಲಾಸ್ಮಾ, ಚರ್ಮದೊಳಗೆ ಕೊಬ್ಬು ತುಂಬಿದ ನೊರೆಕೋಶಗಳ ಗುಂಪು. ಇದು ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತದ ಕೊಬ್ಬು ಸರಿಯಾಗೇ ಇರುತ್ತದೆ, ಆದರೂ ಲಿಪಿಡ್ ಪರೀಕ್ಷೆ ಒಮ್ಮೆ ಮಾಡಿಸುವುದು ಲೇಸು. ಅಂಚಿನಲ್ಲಿ ನೀರುಗುಳ್ಳೆಯಂತೆ ಹೊಳೆಯುವುದು ಮೋಲ್ ಗ್ರಂಥಿಯ ಸಿಸ್ಟ್, ಟಾರ್ಚ್ ಬೆಳಕು ಆರಪಾರು ಹಾಯುತ್ತದೆ. ಬೆರಳು ಬೆರಳಾಗಿ ಎದ್ದದ್ದು ಪ್ಯಾಪಿಲೋಮಾ. ಮೇಣ ಅಂಟಿಸಿದಂತೆ ಕಂದು ಬಣ್ಣದಲ್ಲಿ ಕೂತದ್ದು ಸೆಬೊರಿಕ್ ಕೆರಟೋಸಿಸ್. ಹುಬ್ಬಿನ ಬಳಿ, ಮಕ್ಕಳಲ್ಲಿ, ಕಲ್ಲಿನಂತೆ ಗಟ್ಟಿಯಾಗಿ ಚರ್ಮಕ್ಕೆ ಅಂಟಿದ್ದರೆ ಪೈಲೋಮೇಟ್ರಿಕ್ಸೋಮಾ. ಸ್ಲೈಡಿನಲ್ಲಿ ಕೋಶಕೇಂದ್ರವಿಲ್ಲದ "ನೆರಳು ಕೋಶಗಳು", ಅದರಲ್ಲಿ ಸುಣ್ಣಾಂಶ. ನಡುವೆ ಗುಳಿ ಬಿದ್ದ ಮುತ್ತಿನಂಥ ಸಣ್ಣ ಗುಳ್ಳೆಗಳು ಮೊಲಸ್ಕಮ್, ಪಾಕ್ಸ್ ಜಾತಿಯ ವೈರಸ್. ದೊಡ್ಡವರ ಮುಖದಲ್ಲಿ ಗುಂಪುಗುಂಪಾಗಿ ಮೊಲಸ್ಕಮ್ ಎದ್ದರೆ ಎಚ್‌ಐವಿ ಪರೀಕ್ಷೆಯ ಮಾತು ಎತ್ತಬೇಕು, ಸಂಕೋಚ ಬೇಡ. ಹಸುಗೂಸಿನ ಕೆಂಪು ರಕ್ತನಾಳದ ಗಡ್ಡೆಯನ್ನು ಸಾಮಾನ್ಯವಾಗಿ ಕೊಯ್ಯುವುದಿಲ್ಲ. ಅದು ಕಣ್ಣಿನ ಪಾಪೆ ಮುಚ್ಚಿದರೆ ಆ ಕಣ್ಣಿನ ನೋಟ ಬೆಳೆಯದೆ ಕಣ್ಣು ಸೋಮಾರಿಯಾಗುತ್ತದೆ, ಹಾಗಾಗಿ ತಡ ಮಾಡದೆ ಪ್ರೊಪ್ರನೊಲಾಲ್ ಶುರು ಮಾಡುತ್ತಾರೆ. ಹೃದಯದ ಈ ಮಾತ್ರೆ ಇಂಥ ಗಡ್ಡೆಗೂ ಕೆಲಸ ಮಾಡುತ್ತದೆಂದು ಗೊತ್ತಾದದ್ದು 2008ರಲ್ಲಿ.

ನಮ್ಮ ಭಾಗಕ್ಕೆಂದೇ ಒಂದು ಮಾತು. ಕುಷ್ಟಗಿ, ಸಂಡೂರು, ಲಿಂಗಸೂಗೂರು ಕಡೆ ಕುರಿ ಕಾಯುವವರು, ಸತ್ತ ಕುರಿಯ ಚರ್ಮ ಸುಲಿದವರು ರೆಪ್ಪೆ ಊದಿಸಿಕೊಂಡು ಬಂದರೆ, ನಡುವೆ ಕರೀ ಹೊಪ್ಪಳೆ ಇದ್ದು ನೋವೇ ಇಲ್ಲದಿದ್ದರೆ, ಕೀವೂ ಇಲ್ಲದಿದ್ದರೆ ಅದು ದನ ಕುರಿಗಳಿಂದ ಅಂಟುವ ಬ್ಯಾಕ್ಟೀರಿಯಾ ರೋಗ ಆಂಥ್ರಾಕ್ಸ್ ಇರಬಹುದು. ಇದನ್ನು ಕ್ಯಾನ್ಸರ್ ಎಂದು ಬಯಾಪ್ಸಿಗೆ ಕೊಯ್ಯುವುದೂ ತಪ್ಪು, ಕುರುವೆಂದು ಸೀಳುವುದೂ ತಪ್ಪು. ಗುಳ್ಳೆಯ ನೀರಿನ ಸ್ಮಿಯರ್ ತೆಗೆದು ಗ್ರಾಂ ಬಣ್ಣ ಹಾಕಿದರೆ ಬಿದಿರ ಗಣ್ಣಿನಂತೆ ಸಾಲಾಗಿ ನಿಂತ ದಪ್ಪ ದಂಡಾಣುಗಳು ಕಾಣುತ್ತವೆ. ಔಷಧಿಯಿಂದ ಗುಣವಾಗುತ್ತದೆ, ಆದರೆ ಗಾಯ ಮಾಗುವಾಗ ಚರ್ಮ ಎಳೆದುಕೊಂಡು ರೆಪ್ಪೆ ಹೊರಮಗುಚುತ್ತದೆ.

ಇನ್ನು ಕ್ಯಾನ್ಸರ್. ಬೇಸಲ್ ಸೆಲ್ ಕಾರ್ಸಿನೋಮಾವನ್ನು ಡಬ್ಲಿನ್ನಿನ ಆರ್ಥರ್ ಜೇಕಬ್ 1827ರಲ್ಲಿ ಮೊದಲು ವಿವರಿಸಿದ್ದೇ ರೆಪ್ಪೆಯ ಹುಣ್ಣಾಗಿ. ಕೆಳರೆಪ್ಪೆ ಇದರ ನೆಚ್ಚಿನ ಜಾಗ, ನಂತರ ಮೂಗಿನ ಬದಿಯ ಮೂಲೆ. ಪುಸ್ತಕದಲ್ಲಿ "ಮುತ್ತಿನ ಹೊಳಪಿನ ಅಂಚು, ಮೇಲೆ ಸಣ್ಣ ರಕ್ತನಾಳ" ಎಂದು ಬರೆದಿರುತ್ತದೆ. ಅದು ಬಿಳೀ ಚರ್ಮದ ವರ್ಣನೆ. ನಮ್ಮ ಎಣ್ಣೆಗೆಂಪು ಚರ್ಮದಲ್ಲಿ ಇದು ಬಹಳ ಸಲ ಕಪ್ಪಾಗೇ ಇರುತ್ತದೆ, ಮಚ್ಚೆಯೆಂದೋ ಕೆರಟೋಸಿಸ್ ಎಂದೋ ಬಿಟ್ಟುಬಿಡುತ್ತಾರೆ. ಹೊಸದಾಗಿ ಬಂದ ಕಪ್ಪು ಗುಳ್ಳಿಯ ನಡುವೆ ಹುಣ್ಣಾಗಿ, ಹೊಪ್ಪಳೆ ಕಟ್ಟಿ, ಉದುರಿ, ಮತ್ತೆ ಕಟ್ಟುತ್ತಿದ್ದರೆ ಅದು ಮಚ್ಚೆಯ ನಡತೆಯಲ್ಲ. ಸ್ಲೈಡಿನಲ್ಲಿ ನೀಲಿ ಕೋಶಗಳ ದ್ವೀಪಗಳು, ದ್ವೀಪದ ಅಂಚಿನಲ್ಲಿ ಕೋಶಗಳು ಬೇಲಿಗೂಟ ನೆಟ್ಟಂತೆ ಸಾಲಾಗಿ, ದ್ವೀಪಕ್ಕೂ ಸುತ್ತಲ ಅಂಗಾಂಶಕ್ಕೂ ನಡುವೆ ಬಿರುಕು. ದೂರದ ಅಂಗಕ್ಕೆ ಹರಡುವುದು ಬಲು ಅಪರೂಪ. ಆದರೆ ಮೂಗಿನ ಮೂಲೆಯದು ಕಣ್ಣೀರ ಚೀಲದ ದಾರಿ ಹಿಡಿದು ಕಣ್ಣುಗೂಡಿನ ಆಳಕ್ಕೆ ಇಳಿಯುತ್ತದೆ, ಮೇಲೆ ಕಂಡದ್ದಕ್ಕಿಂತ ಕೆಳಗೆ ಹೆಚ್ಚಿರುತ್ತದೆ. ದ್ವೀಪದ ಬದಲು ಸಣ್ಣ ಎಳೆಗಳಾಗಿ ನಾರಿನ ನಡುವೆ ನುಗ್ಗುವ ಬಗೆಯೊಂದಿದೆ, ಅದರ ಅಂಚು ಕಣ್ಣಿಗೂ ಸಿಗದು, ಬೆರಳಿಗೂ ಸಿಗದು. ವರದಿಯಲ್ಲಿ ಬಗೆಯ ಹೆಸರು ಬರೆಯದೆ "ಬೇಸಲ್ ಸೆಲ್" ಎಂದಷ್ಟೇ ಇದ್ದರೆ ಫೋನ್ ಮಾಡಿ ಕೇಳಿ.

ಸೆಬೇಶಿಯಸ್ ಕಾರ್ಸಿನೋಮಾಕ್ಕೆ ಎರಡು ವೇಷ. ಒಂದು, ಮೇಲ್ರೆಪ್ಪೆಯಲ್ಲಿ ನೋವಿಲ್ಲದ ಗಟ್ಟಿ ಗುಳ್ಳಿ, ತುಸು ಹಳದಿ ಛಾಯೆ. ಇನ್ನೊಂದು, ಗುಳ್ಳಿಯೇ ಇಲ್ಲದೆ ಒಂದೇ ಕಣ್ಣು ತಿಂಗಳುಗಟ್ಟಲೆ ಕೆಂಪಾಗಿ, ರೆಪ್ಪೆ ದಪ್ಪಗಾಗಿ, ಯಾವ ಹನಿಗೂ ಬಗ್ಗದಿರುವುದು. ಎರಡನೇ ವೇಷ ಹೆಚ್ಚು ಮೋಸದ್ದು. ಸಂಡೂರು ತೋರಣಗಲ್ಲು ಕಡೆಯವರು ಗಣಿ ಧೂಳು ಅನ್ನುತ್ತಾರೆ, ಶಕ್ತಿನಗರದವರು ವಿದ್ಯುತ್ ಸ್ಥಾವರದ ಬೂದಿ ಅನ್ನುತ್ತಾರೆ, ಭತ್ತದ ಸುಗ್ಗಿಯಲ್ಲಾದರೆ ಹೊಟ್ಟು. ಧೂಳು ಎರಡೂ ಕಣ್ಣಿಗೆ ಬೀಳುತ್ತದೆ. ಆರು ತಿಂಗಳಿಂದ ಒಂದೇ ಕಣ್ಣು ಕೆಂಪಗಿದ್ದು ಇನ್ನೊಂದು ಸ್ವಚ್ಛವಾಗಿದ್ದರೆ ಧೂಳಿನ ಮಾತು ನಿಲ್ಲುವುದಿಲ್ಲ.

ಈ ಎರಡನೇ ವೇಷಕ್ಕೆ ಕಾರಣ ಪ್ಯಾಜೆಟಾಯ್ಡ್ ಹರಡುವಿಕೆ. ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಗಳು ಗಡ್ಡೆ ಕಟ್ಟದೆ ಚರ್ಮದ ಮತ್ತು ಕಂಜಂಕ್ಟೈವಾದ ಮೇಲ್ಪದರದೊಳಗೆ ಒಂಟೊಂಟಿಯಾಗಿ, ಚಿಕ್ಕ ಗುಂಪುಗಳಾಗಿ ತೆವಳುತ್ತವೆ. ನಡುನಡುವೆ ಜಾಗ ಬಿಟ್ಟು ಹಾರುವುದೂ ಉಂಟು. ಹಾಗಾಗಿ ಮೇಲ್ಮೇಲೆ ಹೆರೆದ ಬಯಾಪ್ಸಿಯಲ್ಲಿ ಇದು ತಪ್ಪಿಹೋಗುತ್ತದೆ, ಮುಖ್ಯ ಗಡ್ಡೆ ಟಾರ್ಸಸ್ ಒಳಗಿದ್ದು ಚೂರು ಬಂದದ್ದು ಚರ್ಮದ್ದಾಗಿರುತ್ತದೆ. "ಕ್ಯಾನ್ಸರ್ ಇಲ್ಲ" ಎಂಬ ವರದಿ ಹಿಡಿದು ರೋಗಿ ಮನೆಗೆ ಹೋಗುತ್ತಾನೆ, ರೋಗ ಅವನ ಜೊತೆಗೇ ಹೋಗುತ್ತದೆ. ಮುಂದಿನ ನಿಲ್ದಾಣ ಕಿವಿಯ ಮುಂದಿನ ಮತ್ತು ದವಡೆಯ ಕೆಳಗಿನ ದುಗ್ಧಗ್ರಂಥಿ. ಮೇಲ್ರೆಪ್ಪೆಯದು ಸಾಮಾನ್ಯವಾಗಿ ಕಿವಿಯ ಮುಂದಕ್ಕೆ, ಕೆಳರೆಪ್ಪೆಯ ಮೂಗಿನ ಬದಿಯದು ದವಡೆಯ ಕೆಳಕ್ಕೆ. ರೆಪ್ಪೆ ನೋಡಿದ ಬೆರಳು ಕಿವಿಯ ಮುಂದೆಯೂ ಒಮ್ಮೆ ಹೋಗಿ ಬರಬೇಕು.

ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್ ಆದ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಬಿಸಿಲಲ್ಲಿ ದುಡಿದವರಲ್ಲಿ, ಕೆಳರೆಪ್ಪೆಯಲ್ಲಿ ಹೆಚ್ಚು. ಒರಟು, ಸಿಪ್ಪೆ ಸಿಪ್ಪೆ, ಬೇಗ ಹುಣ್ಣಾಗುತ್ತದೆ. ಹಣೆಯಲ್ಲಿ ಇರುವೆ ಹರಿದಂತಾಗುತ್ತದೆ, ಮರಗಟ್ಟುತ್ತದೆ ಎಂದು ರೋಗಿ ಹೇಳಿದರೆ ನರದ ಗುಂಟ ಹೊರಟಿದೆ ಎಂದರ್ಥ. ಅದನ್ನು ಲ್ಯಾಬಿಗೆ ಕಳಿಸುವ ಫಾರ್ಮಿನಲ್ಲಿ ಬರೆಯಿರಿ, ಪ್ಯಾಥಾಲಜಿಯವರು ನರ ಹುಡುಕಿ ನೋಡುತ್ತಾರೆ. ಹತ್ತು ಹನ್ನೆರಡು ವರ್ಷದ ಮಗುವಿನ ರೆಪ್ಪೆಯಲ್ಲಿ ಕ್ಯಾನ್ಸರ್, ಮುಖದ ತುಂಬ ಚುಕ್ಕೆ, ಬಿಸಿಲಿಗೆ ಕಣ್ಣು ಬಿಡಲಾರದ ಸ್ಥಿತಿ ಇದ್ದರೆ ಅದು ಝೀರೋಡರ್ಮಾ ಪಿಗ್ಮೆಂಟೋಸಮ್. ಬಿಸಿಲಿನಿಂದ ಡಿಎನ್‌ಎಗೆ ಆದ ಪೆಟ್ಟನ್ನು ದುರಸ್ತಿ ಮಾಡುವ ಶಕ್ತಿಯೇ ಆ ಮಗುವಿಗೆ ಹುಟ್ಟಿನಿಂದ ಇರುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದರೆ ಮಾತ್ರ ಈ ರೋಗ, ಆದ್ದರಿಂದ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ನಮ್ಮ ಕಡೆ ಇದನ್ನು ಮನಸ್ಸಿನಲ್ಲಿಟ್ಟಿರಬೇಕು, ಒಡಹುಟ್ಟಿದವರನ್ನೂ ಕರೆಸಿ ನೋಡಬೇಕು. ಬಣ್ಣದ ಕೋಶಗಳ ಕ್ಯಾನ್ಸರ್ ಮೆಲನೋಮಾ ರೆಪ್ಪೆಯಲ್ಲಿ ಅಪರೂಪ. ಮೇಲ್ರೆಪ್ಪೆಯ ಅಂಚಲ್ಲಿ ನೇರಳೆಗೆಂಪಾಗಿ ವಾರಗಳಲ್ಲೇ ಉಬ್ಬುವ ಮರ್ಕೆಲ್ ಸೆಲ್ ಕಾರ್ಸಿನೋಮಾ ಇನ್ನೂ ಅಪರೂಪ, ಆದರೆ ಸಿಕ್ಕಾಗ ಬಲು ಕೆಟ್ಟದ್ದು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಣ್ಣನ್ನು ದೊಡ್ಡದಾಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್ ಇಲ್ಲದಿದ್ದರೂ ಟಾರ್ಚ್ ಇರುತ್ತದೆ. ಗುಳ್ಳಿಯ ಮೇಲಿನ ರೆಪ್ಪೆಗೂದಲು ನೋಡಿ. ಸಾದಾ ಗುಳ್ಳಿ ಕೂದಲನ್ನು ಪಕ್ಕಕ್ಕೆ ಸರಿಸುತ್ತದೆ, ಕ್ಯಾನ್ಸರ್ ಬುಡವನ್ನೇ ತಿಂದು ಉದುರಿಸುತ್ತದೆ. ಎರಡೂ ಕಣ್ಣಿನ ಕೂದಲು ಮತ್ತು ಹುಬ್ಬಿನ ತುದಿ ಉದುರಿದ್ದರೆ ದಾರಿ ಬೇರೆ, ಕುಷ್ಠ ಯೋಚಿಸಿ. ನಂತರ ರೆಪ್ಪೆ ಮಗುಚಿ. ಕೆಳಗೆ ನೋಡಲು ಹೇಳಿ, ಕೂದಲು ಹಿಡಿದು, ಹತ್ತಿಕಡ್ಡಿ ಆನಿಸಿ ತಿರುವುವುದು ಅರ್ಧ ನಿಮಿಷದ ಕೆಲಸ. ಕಲೇಜಿಯನ್ ಇದ್ದಲ್ಲಿ ಒಳಮೈ ನಯವಾಗಿ ಕೆಂಪೋ ಬೂದಿಯೋ ಇರುತ್ತದೆ. ಹಳದಿ ಗಂಟು, ಒರಟು ಮೈ, ತೊಟ್ಟಿಕ್ಕುವ ರಕ್ತ ಕಂಡರೆ ಮುಂದಕ್ಕೆ ಕಳಿಸಬೇಕು. ರೆಪ್ಪೆ ಮಗುಚದೆ ಗುಳ್ಳಿಗೆ ಮುಲಾಮು ಬರೆಯುವುದು ನನ್ನ ಲೆಕ್ಕದಲ್ಲಿ ಪರೀಕ್ಷೆಯೇ ಅಲ್ಲ.

ಬಯಾಪ್ಸಿ ತೆಗೆಯುವವರಿಗೆ: ಅರಿವಳಿಕೆ ಚುಚ್ಚುವ ಮೊದಲೇ ಅಂಚನ್ನು ಪೆನ್ನಿನಲ್ಲಿ ಗುರುತಿಸಿ, ಔಷಧಿ ತುಂಬಿ ಊದಿದ ಮೇಲೆ ಅಂಚು ಸಿಗುವುದಿಲ್ಲ. ಗಾತ್ರವನ್ನೂ ಆಗಲೇ ಅಳೆದು ಬರೆಯಿರಿ, ಚೂರು ಕೊಳೆಯದಂತೆ ಕಾಪಾಡುವ ದ್ರವವಾದ ಫಾರ್ಮಲಿನ್‌ನಲ್ಲಿ ಅಂಗಾಂಶ ಕುಗ್ಗುತ್ತದೆ. ಎಣ್ಣೆಗ್ರಂಥಿಯ ಅನುಮಾನವಿದ್ದರೆ ಚರ್ಮದಿಂದ ಕಂಜಂಕ್ಟೈವಾದವರೆಗೆ ಪೂರ್ತಿ ದಪ್ಪದ, ಮೂರು ನಾಲ್ಕು ಮಿ.ಮೀ. ಅಗಲದ ಚೂರು ಬೇಕು. ಕಲೇಜಿಯನ್ ಕೆರೆಯುವಾಗ ಬೆಣ್ಣೆಯಂಥದ್ದನ್ನು ಮಾತ್ರ ಕಳಿಸಬೇಡಿ, ಗೂಡಿನ ಗೋಡೆಯ ಒಂದು ಚೂರು ಕತ್ತರಿಸಿ ಸೇರಿಸಿ. ಹಲ್ಲುಗಳಿರುವ ಫೋರ್ಸೆಪ್ಸಿನಿಂದ (ಚಿಮಟದಿಂದ) ನಡುವೆ ಹಿಸುಕಿದರೆ ಕೋಶಗಳು ನೀಲಿ ಗೀರುಗಳಾಗುತ್ತವೆ, ಅಂಚಿಗೆ ರಕ್ತ ನಿಲ್ಲಿಸಲು ಸುಡುವ ಕಾಟರಿ ತಾಗಿಸಿದರೆ ಸುಟ್ಟ ಅಂಚಿನಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಯಾರೂ ಹೇಳಲಾರರು. ತೆಳು ಚೂರು ಫಾರ್ಮಲಿನ್‌ಗೆ ಬಿದ್ದೊಡನೆ ಹಪ್ಪಳದಂತೆ ಸುರುಳಿಯಾಗುತ್ತದೆ. ಒಂದು ತುಂಡು ಫಿಲ್ಟರ್ ಪೇಪರ್ ಮೇಲೆ ಹರಡಿ, ಅಂಟಲು ಒಂದು ನಿಮಿಷ ಬಿಟ್ಟು, ಕಾಗದದ ಸಮೇತ ಮುಳುಗಿಸಿ. ದಿಕ್ಕಿಗೆ ದಾರ ಕಟ್ಟಿ: ಮೇಲಂಚಿಗೆ ಗಿಡ್ಡ ದಾರ, ಕಿವಿ ಬದಿಗೆ ಉದ್ದ ದಾರ. ಯಾವುದೇ ಪದ್ಧತಿ ಇರಲಿ, ಫಾರ್ಮಿನಲ್ಲಿ ಚಿತ್ರ ಬರೆದು ತೋರಿಸಿ.

ಫಾರ್ಮಲಿನ್ ವಿಷಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಆಗುವಷ್ಟು ಎಡವಟ್ಟು ಬೇರೆಲ್ಲೂ ಇಲ್ಲ. ಸಲೈನಿನಲ್ಲಿ ಹಾಕಿದ ಚೂರು ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ಸಂಜೆಯೊಳಗೆ ಕೊಳೆಯುತ್ತದೆ. ಸ್ಪಿರಿಟ್ಟಿನಲ್ಲಿ ಹಾಕಿದರೆ ಗಟ್ಟಿಯಾಗಿ ಕುಗ್ಗುತ್ತದೆ, ಜೊತೆಗೆ ಎಣ್ಣೆಯೂ ಕರಗುತ್ತದೆ. ಬೇಕಾದದ್ದು ಬಫರ್ ಮಾಡಿದ ಶೇ 10 ಫಾರ್ಮಲಿನ್. ಒಂದು ಲೀಟರಿಗೆ: ಅಂಗಡಿಯ ಸಾಂದ್ರ ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಇಲ್ಲದೆ ಬರೀ ನೀರು ಬೆರೆಸಿಟ್ಟರೆ ದಿನ ಕಳೆದಂತೆ ಹುಳಿಯಾಗಿ, ರಕ್ತವಿರುವ ಅಂಗಾಂಶದಲ್ಲಿ ಕಂದುಗಪ್ಪು ಹರಳು ಕೂರಿಸುತ್ತದೆ. ಕಪ್ಪು ಗುಳ್ಳಿಯ ಸ್ಲೈಡಿನಲ್ಲಿ ಅದನ್ನು ಚರ್ಮದ ಕಪ್ಪು ಬಣ್ಣವಾದ ಮೆಲನಿನ್ ಎಂದು ಗೊಂದಲ ಮಾಡಿಕೊಳ್ಳುವುದಕ್ಕೆ ಅಷ್ಟು ಸಾಕು. ಅಂಗಾಂಶದ ಹತ್ತರಿಂದ ಇಪ್ಪತ್ತು ಪಟ್ಟು ದ್ರವ ಇರಲಿ. ಫಾರ್ಮಲಿನ್ ಗಂಟೆಗೆ ಸುಮಾರು ಒಂದು ಮಿ.ಮೀ. ಒಳಗಿಳಿಯುತ್ತದೆ, ರೆಪ್ಪೆಯ ಚೂರಿಗೆ ಆರರಿಂದ ಇಪ್ಪತ್ನಾಲ್ಕು ಗಂಟೆ ಧಾರಾಳ. ಬಾಟಲಿ ಅಗಲ ಬಾಯಿಯದಿರಲಿ. ಇಂಜೆಕ್ಷನ್ ವಯಲ್ಲಿಗೆ ತುರುಕಿದ ಮೆತ್ತನೆ ಚೂರು ಗಟ್ಟಿಯಾದ ಮೇಲೆ ಹೊರಬರದೆ ಗಾಜು ಒಡೆಯಬೇಕಾಗುತ್ತದೆ. ಹೆಸರು, ವಯಸ್ಸು, ಬಲಗಣ್ಣೋ ಎಡಗಣ್ಣೋ ಎಂಬುದನ್ನು ಬಾಟಲಿಯ ಮೈಗೆ ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯಾಗಿ ಅಂಟಿಸಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಬದಲಾಗುತ್ತದೆ, ಬಾಲ್‌ಪೆನ್ ಶಾಯಿ ಸೋರಿದ ದ್ರವಕ್ಕೆ ಅಳಿಸುತ್ತದೆ.

ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿಗೋ ರಾಯಚೂರಿನ ವೈದ್ಯಕೀಯ ಕಾಲೇಜು ರಿಮ್ಸಿಗೋ ಬಾಟಲಿ ಕಳಿಸುವಾಗ ರಿಕ್ವೆಸ್ಟ್ ಫಾರ್ಮಿನಲ್ಲಿ "ರೆಪ್ಪೆಯ ಗಡ್ಡೆ, ಎಚ್‌ಪಿಇ ಮಾಡಿ" (ಅಂದರೆ ಅಂಗಾಂಶದ ಸೂಕ್ಷ್ಮದರ್ಶಕ ಪರೀಕ್ಷೆ) ಎಂದು ಒಂದು ಸಾಲು ಗೀಚಿದರೆ ಸಿಗುವ ಉತ್ತರವೂ ಅಷ್ಟೇ ಇರುತ್ತದೆ. ಎಷ್ಟು ತಿಂಗಳಿಂದ, ಎಷ್ಟು ಸಲ ಕೊಯ್ದದ್ದು, ಕೂದಲು ಉದುರಿದೆಯೇ, ದುಗ್ಧಗ್ರಂಥಿ ಸಿಗುತ್ತದೆಯೇ, ಮುಂಚೆ ರೇಡಿಯೇಷನ್ ಆಗಿದೆಯೇ: ಐದು ಸಾಲು ಸಾಕು. "ಸೆಬೇಶಿಯಸ್ ಅನುಮಾನ" ಎಂದು ಬರೆದರೆ ಲ್ಯಾಬಿನವರು ಪ್ರಾಸೆಸಿಂಗ್‌ಗೆ ಹಾಕುವ ಮೊದಲೇ ಒಂದು ಹಸಿ ಚೂರು ಎತ್ತಿಡಬಹುದು. ಫಾರ್ಮಲಿನ್ ಎಣ್ಣೆಯನ್ನು ಕರಗಿಸುವುದಿಲ್ಲ, ಮುಂದಿನ ಆಲ್ಕೋಹಾಲು ಮತ್ತು ಜೈಲೀನ್ ಕರಗಿಸುತ್ತವೆ. ಎತ್ತಿಟ್ಟ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ದು ಆಯಿಲ್ ರೆಡ್ ಓ ಎಂಬ ಬಣ್ಣ ಹಾಕಿದರೆ ಕ್ಯಾನ್ಸರ್ ಕೋಶದೊಳಗಿನ ಎಣ್ಣೆಹನಿ ಕೆಂಪಾಗಿ ಮೂಡುತ್ತದೆ. ಚೂರನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿದ ಮೇಲೆ ಆ ಪರೀಕ್ಷೆ ಸಾಧ್ಯವಿಲ್ಲ.

ಲ್ಯಾಬಿನಲ್ಲಿ ಚೂರನ್ನು ಹೋಳು ಮಾಡುವ ಗ್ರಾಸಿಂಗ್ ಟೇಬಲ್ಲಿನಲ್ಲಿ ಒಂದೇ ನಿಯಮ ಮರೆಯಬಾರದು: ರೆಪ್ಪೆಯ ಅಂಚಿಗೆ ಲಂಬವಾಗಿ ಕೊಯ್ಯಬೇಕು, ಎರಡು ಮೂರು ಮಿ.ಮೀ. ದಪ್ಪಕ್ಕೆ. ಆಗ ಒಂದೊಂದು ಹೋಳಿನಲ್ಲೂ ಚರ್ಮ, ಸ್ನಾಯು, ಟಾರ್ಸಸ್, ಕಂಜಂಕ್ಟೈವಾ ನಾಲ್ಕೂ ಸಾಲಾಗಿ ಬರುತ್ತವೆ. ಅದಕ್ಕೂ ಮೊದಲು ಮೂಗಿನ ಬದಿ, ಕಿವಿ ಬದಿ, ಆಳದ ಅಂಚುಗಳಿಗೆ ಬೇರೆ ಬೇರೆ ಬಣ್ಣದ ಶಾಯಿ ಹಚ್ಚಿ ಒಣಗಿಸಬೇಕು. ಕೆರೆದ ಪುಡಿಯನ್ನು ತೆಳುಕಾಗದದಲ್ಲಿ ಪೊಟ್ಟಣ ಕಟ್ಟಿ, ಒಂದು ಹನಿ ಇಯೋಸಿನ್ ಎಂಬ ಕೆಂಪು ಬಣ್ಣ ಹಾಕಿದರೆ ಮೇಣದಲ್ಲಿ ಕೂರಿಸುವವರ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ಅಕ್ಕಿನುಚ್ಚಿನಷ್ಟಿರುವ ಚೂರು ಚೂರು ಇಡುವ ಕಿಂಡಿಕಿಂಡಿಯ ಡಬ್ಬಿಯಾದ ಕ್ಯಾಸೆಟ್ಟಿನ ಕಿಂಡಿಯಿಂದ ಜಾರಿ ಹೋಗಿರುತ್ತದೆ. ಕೂರಿಸುವಾಗ ಹೋಳು ಅಂಚಿನ ಮೇಲೆ ನಿಲ್ಲಬೇಕು. ಮಲಗಿಸಿದರೆ ಪದರಗಳ ಲೆಕ್ಕವೇ ತಪ್ಪಿ, ಸಾದಾ ಮೇಲ್ಪದರ ಒಳನುಗ್ಗಿದಂತೆ ಕಾಣುತ್ತದೆ.

ಸ್ಲೈಡಿನಲ್ಲಿ ಸೆಬೇಶಿಯಸ್ ಚೆನ್ನಾಗಿ ಬಲಿತಿದ್ದರೆ ಗುರುತಿಸುವುದು ಸುಲಭ: ನೊರೆಯಂಥ ಕೋಶದ್ರವ, ಕೋಶಕೇಂದ್ರದೊಳಗೆ ಎದ್ದು ಕಾಣುವ ನ್ಯೂಕ್ಲಿಯೋಲಸ್ ಎಂಬ ಚುಕ್ಕೆ, ತುಂಬ ಮೈಟೋಸಿಸ್ (ಕೋಶ ಒಡೆದು ಎರಡಾಗುವುದು), ಗುಂಪಿನ ನಡುವೆ ಸತ್ತ ಕೋಶಗಳ ಕುಳಿ. ಬಲಿಯದ ಬಗೆ ಸ್ಕ್ವೇಮಸ್ಸಿನಂತೆಯೂ ಬೇಸಲ್ ಸೆಲ್ಲಿನಂತೆಯೂ ಆಡುತ್ತದೆ. ಆಗ ಬೇಕಾದದ್ದು ಕೋಶದ ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಹತ್ತುವ ಇಮ್ಯುನೋ ಬಣ್ಣಗಳು. ಬೇಸಲ್ ಸೆಲ್ ಬರ್‌ಇಪಿ4ಗೆ ಒಪ್ಪಿ ಇಎಂಎಗೆ ಒಪ್ಪುವುದಿಲ್ಲ. ಸ್ಕ್ವೇಮಸ್ ಅದಕ್ಕೆ ತದ್ವಿರುದ್ಧ. ಸೆಬೇಶಿಯಸ್ಸಿನಲ್ಲಿ ಇಎಂಎ ಸಾಮಾನ್ಯವಾಗಿ ಒಪ್ಪುತ್ತದೆ, ಅಡಿಪೋಫಿಲಿನ್ ಎಣ್ಣೆಹನಿಯ ಸುತ್ತ ಉಂಗುರದಂತೆ ಮೂಡುತ್ತದೆ. ಒಂದೇ ಬಣ್ಣ ನೆಚ್ಚಿ ಹೆಸರಿಡುವುದು ಬೇಡ. ರೋಗಿ ಚಿಕ್ಕ ವಯಸ್ಸಿನವರಾಗಿದ್ದು, ಮನೆತನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದರೆ ಎಂಎಸ್‌ಎಚ್2, ಎಂಎಲ್‌ಎಚ್1ರಂಥ ಡಿಎನ್ಎ ದುರಸ್ತಿ ಪ್ರೋಟೀನುಗಳನ್ನೂ ನೋಡಬೇಕು. 1967 ಮತ್ತು 1968ರಲ್ಲಿ ಮ್ಯೂರ್ ಮತ್ತು ಟೊರೆ ಬೇರೆ ಬೇರೆಯಾಗಿ ವರದಿ ಮಾಡಿದ, ಎಣ್ಣೆಗ್ರಂಥಿಯ ಗಡ್ಡೆಯೂ ಒಳಾಂಗದ ಕ್ಯಾನ್ಸರೂ ಜೊತೆಯಾಗಿ ಬರುವ ಸಿಂಡ್ರೋಮ್ ಇದು.

ವರದಿ ಬಂದ ಮೇಲೆ ಅಂಚಿನ ಮಾತು. ಬೇಸಲ್ ಸೆಲ್ಲಿಗೆ ಸುತ್ತ 3ರಿಂದ 4 ಮಿ.ಮೀ. ಸಾದಾ ಅಂಗಾಂಶ ಬಿಟ್ಟು ಕೊಯ್ಯುತ್ತಾರೆ, ಸೆಬೇಶಿಯಸ್ಸಿಗೆ 5 ಮಿ.ಮೀ. ಕ್ಯಾನ್ಸರಿನ ಹಂತ ಗುರುತಿಸುವ ಎಜೆಸಿಸಿ ಪದ್ಧತಿಯ 8ನೇ ಆವೃತ್ತಿಯಲ್ಲಿ ಗಡ್ಡೆ 10 ಮಿ.ಮೀ.ವರೆಗೆ ಟಿ1, 20ರವರೆಗೆ ಟಿ2, 30ರವರೆಗೆ ಟಿ3. ಕಣ್ಣುಗೂಡಿಗೆ ಇಳಿದರೆ ಗಾತ್ರ ಎಷ್ಟೇ ಇರಲಿ ಟಿ4. ಕೊಯ್ದ ಕ್ಷಣದಲ್ಲೇ ಚೂರನ್ನು ಹೆಪ್ಪುಗಟ್ಟಿಸಿ ಅಂಚು ನೋಡುವ ಫ್ರೋಜನ್ ಸೌಲಭ್ಯ ಇಲ್ಲದಿದ್ದರೆ ಕೈಕಟ್ಟಿ ಕೂರಬೇಕಿಲ್ಲ. ಗಡ್ಡೆ ತೆಗೆದು, ಕಾರ್ನಿಯಾ ಒಣಗದಂತೆ ಮುಲಾಮು ತುಂಬಿ ಪಟ್ಟಿ ಕಟ್ಟಿ, ಅಂಚಿನ ವರದಿಯನ್ನು ಅವಸರದಲ್ಲಿ ತರಿಸಿ, ಸ್ವಚ್ಛ ಎಂದ ಮೇಲೆ ರೆಪ್ಪೆಯನ್ನು ಹೊಸದಾಗಿ ರೂಪಿಸಬಹುದು. ಪ್ಯಾಜೆಟಾಯ್ಡ್ ಹರಡುವಿಕೆ ಓದಲು ಫ್ರೋಜನ್ನಿಗಿಂತ ಮೇಣದ ಸ್ಲೈಡೇ ನಂಬಿಕಸ್ತ. ಅಂಚು ತಿಳಿಯದೆ ಪಕ್ಕದ ಚರ್ಮದ ಫ್ಲ್ಯಾಪ್ ತಿರುಗಿಸಿ ಚಂದ ಮಾಡಿದರೆ, ಉಳಿದ ರೋಗ ಫ್ಲ್ಯಾಪಿನ ಕೆಳಗೆ ಅಡಗಿ ವರ್ಷದ ಮೇಲೆ ಎದ್ದು ಬರುತ್ತದೆ. ಕಂಜಂಕ್ಟೈವಾದಲ್ಲಿ ಹರಡಿದ ಅನುಮಾನವಿದ್ದರೆ ಎರಡೂ ರೆಪ್ಪೆಯ ಒಳಮೈ ಮತ್ತು ಕಣ್ಣುಗುಡ್ಡೆಯ ನಾಲ್ಕೂ ದಿಕ್ಕಿನಿಂದ ಎರಡು ಮೂರು ಮಿ.ಮೀ.ನ ಚೂರು ತೆಗೆದು, ಒಂದೊಂದನ್ನೂ ಬೇರೆ ಬಾಟಲಿಯಲ್ಲಿ, ನಕ್ಷೆಯ ಸಮೇತ ಕಳಿಸುತ್ತಾರೆ. ಆ ಹರಡುವಿಕೆಗೆ ಶೀತಚಿಕಿತ್ಸೆ, ಕ್ಯಾನ್ಸರ್ ಔಷಧಿಯಾದ ಶೇ 0.04 ಮೈಟೋಮೈಸಿನ್ ಹನಿ ಉಂಟು. ಕಣ್ಣುಗೂಡು ಹೊಕ್ಕಮೇಲೆ ಹೆಚ್ಚಿನವರಿಗೆ ಉಳಿಯುವ ದಾರಿ ಕಣ್ಣು ಸಮೇತ ಗೂಡು ಖಾಲಿ ಮಾಡುವುದು.

ಬೆಂಗಳೂರಿಗೋ ಹೈದರಾಬಾದಿಗೋ ಹೋಗುವವರು ವರದಿಯ ಕಾಗದ ಮಾತ್ರ ಒಯ್ಯುತ್ತಾರೆ. ಅಲ್ಲಿಯವರು ಕೇಳುವುದು ಸ್ಲೈಡು ಮತ್ತು ಮೇಣದ ಬ್ಲಾಕು. ಅರ್ಜಿ ಕೊಟ್ಟು, ಸಹಿ ಹಾಕಿ, ಲ್ಯಾಬಿನಿಂದ ಪಡೆದುಕೊಳ್ಳಿ. ಹೊಸ ಬಣ್ಣ ಹಾಕಲು ಬ್ಲಾಕು ಬೇಕೇ ಬೇಕು, ಇದ್ದರೆ ಮತ್ತೆ ಕೊಯ್ಯುವುದು ತಪ್ಪಬಹುದು. ಸ್ಲೈಡುಗಳನ್ನು ಪ್ಲಾಸ್ಟಿಕ್ ಸ್ಲೈಡ್ ಪೆಟ್ಟಿಗೆಯಲ್ಲಿ ಇಡಿ, ಬರೀ ಕಾಗದ ಸುತ್ತಿದರೆ ಬಸ್ಸಿನ ಕುಲುಕಿಗೆ ಒಡೆಯುತ್ತವೆ. ಬ್ಲಾಕಿನ ಮೇಣ 56ರಿಂದ 60 ಡಿಗ್ರಿಗೆ ಕರಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು, ಬಸ್ಸಿನ ಮುಂದಿನ ಗಾಜಿನಡಿಯ ಹಲಗೆ ಆ ಬಿಸಿ ಮುಟ್ಟಬಲ್ಲವು. ಪೊಟ್ಟಣವನ್ನು ಚೀಲದೊಳಗೆ ಬಟ್ಟೆಯ ನಡುವೆ ಇಟ್ಟು, ಚೀಲವನ್ನು ಕಾಲ ಬಳಿ ಇಟ್ಟುಕೊಳ್ಳಿ.